ವಾರ್ಡಿನಿಂದ ಥಿಯೇಟರಿಗೆ: ಯಾವ ರಿಜಿಸ್ಟರಿಗೂ ಸೇರದ ಅರ್ಧ ಗಂಟೆ

ಆಪರೇಷನ್‌ಗೆ ಹೋಗುವ ರೋಗಿಗೆ ಮುಂಚಿತವಾಗಿ ಕೊಡುವ ಔಷಧಿಯನ್ನು ವೈದ್ಯರು ಚಿಕ್ಕದಾಗಿ ‘ಪ್ರೀಮೆಡ್’ ಅನ್ನುತ್ತಾರೆ. ಹಿಂದಿನ ರಾತ್ರಿ ನಿದ್ದೆಗೆ ಒಂದು ಮಾತ್ರೆ, ಬೆಳಿಗ್ಗೆ ಒಂದೋ ಎರಡೋ ಇಂಜೆಕ್ಷನ್. ಹೆದರಿಕೆ ತಗ್ಗಬೇಕು, ಬಾಯಿಯ ಜೊಲ್ಲು ಒಣಗಬೇಕು, ನೋವು ಮಂಕಾಗಬೇಕು. ಅದರ ಕೆಲಸ ಇಷ್ಟೇ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಪೂರ್ಣ ಅರಿವಳಿಕೆಯಲ್ಲಿ ಮೈಯ ಶಾಖ ಇಳಿಯುತ್ತದೆಯಲ್ಲ, ಆ ಇಳಿತಕ್ಕೂ ಈ ಇಂಜೆಕ್ಷನ್‌ಗೂ ಏನು ಸಂಬಂಧ? ಅದು ಶಾಖವನ್ನು ಇನ್ನಷ್ಟು ಇಳಿಸುತ್ತದೆಯೋ, ತಡೆದು ನಿಲ್ಲಿಸುತ್ತದೆಯೋ? ಈ ಪ್ರಶ್ನೆ ಹಿಡಿದುಕೊಂಡು ಮೊದಲು ತೆರೆದದ್ದು ನಂಜನಗೂಡು, ತಿ. ನರಸೀಪುರದ ಕಡೆಯ ಹಳೆಯ ಕೇಸ್ ಶೀಟುಗಳನ್ನು. ಜರ್ನಲ್‌ಗಳ ಸರದಿ ಆಮೇಲೆ ಬಂತು.

ಈ ಎರಡು ಊರುಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿ ಹಾದು ಹೋಗುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡಿನಿಂದ ಮೈಸೂರಿಗೆ ಬಂದು, ಅಲ್ಲಿಂದ ನರಸೀಪುರಕ್ಕೆ ಹೊರಳಿ ಕೊಳ್ಳೇಗಾಲದ ದಾರಿ ಹಿಡಿಯುತ್ತದೆ. ಎರಡೂ ತಾಲ್ಲೂಕುಗಳಲ್ಲಿ ಕೈಮೀರಿದ ಕೇಸು ಬಂದರೆ ಆಂಬುಲೆನ್ಸ್ ಓಡುವುದು ಮೈಸೂರಿಗೇ: ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ. ತಾಲ್ಲೂಕು ಮಟ್ಟದ ಕಾಗದ ಹೇಗಿರುತ್ತದೆ, ಮೆಡಿಕಲ್ ಕಾಲೇಜಿನ ಕಾಗದ ಹೇಗಿರುತ್ತದೆ ಎಂದು ಪಕ್ಕಪಕ್ಕ ಇಟ್ಟು ನೋಡಲು ಇದು ಹೇಳಿ ಮಾಡಿಸಿದ ಜಾಗ.

ಒಂದು ಕೇಸ್ ಶೀಟು

ರೋಗಿಯ ಹೆಸರು, ಊರು ಬೇಡ. ಹರ್ನಿಯಾ ಆಪರೇಷನ್. ಕಂದು ಬಣ್ಣಕ್ಕೆ ತಿರುಗಿದ ಹಾಳೆಯ ಮೇಲೆ ಡ್ಯೂಟಿ ಡಾಕ್ಟರ ಕೈಬರಹದಲ್ಲಿ ಹಿಂದಿನ ದಿನದ ಸೂಚನೆಗಳಿವೆ. ರಾತ್ರಿ ಹತ್ತರ ನಂತರ ಬಾಯಿಗೆ ಏನೂ ಕೊಡಬಾರದು. ಆಪರೇಷನ್ ಜಾಗದ ಕೂದಲು ತೆಗೆಯಬೇಕು. ಟಿ.ಟಿ. ಇಂಜೆಕ್ಷನ್ ಅರ್ಧ ಎಂ.ಎಲ್. ಮಲಗುವಾಗ ಡಯಾಜೆಪಾಮ್ ಮಾತ್ರೆ. ಬೆಳಿಗ್ಗೆ ‘ಆನ್ ಕಾಲ್’, ಅಂದರೆ ಥಿಯೇಟರಿನಿಂದ ಕರೆ ಬಂದಾಗ, ಪೆಂಟಾಜೋಸಿನ್ 30 ಮಿಲಿಗ್ರಾಂ, ಪ್ರೊಮೆಥಜಿನ್ 25 ಮಿಲಿಗ್ರಾಂ, ಅಟ್ರೋಪಿನ್ 0.6 ಮಿಲಿಗ್ರಾಂ. ಕೊನೆಯ ಮೂರನ್ನು ವಾರ್ಡಿನ ಸಿಸ್ಟರುಗಳು ಕಂಪನಿ ಹೆಸರಿನಲ್ಲಿ ‘ಫೋರ್ಟ್‌ವಿನ್–ಫೆನರ್ಗಾನ್–ಅಟ್ರೋಪಿನ್’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪಕ್ಕದಲ್ಲಿ ಕೊಟ್ಟವರ ಸಹಿ ಇದೆ.

ಅದರ ಹಿಂದಿನ ಪುಟ ಟಿ.ಪಿ.ಆರ್. ಚಾರ್ಟು: ಶಾಖ, ನಾಡಿ, ಉಸಿರು. ಶಾಖದ ಸಾಲಿನಲ್ಲಿ 98.4, 98.6, ಮತ್ತೆ 98.4. ಕೊನೆಯದು ಬೆಳಗಿನ ಜಾವದ್ದು. ಅದರ ಕೆಳಗೆ ‘ಓ.ಟಿ.ಗೆ ಕಳಿಸಲಾಯಿತು’ ಎಂಬ ಒಂದು ಸಾಲು. ಆಮೇಲಿನ ಹಾಳೆ ಅರಿವಳಿಕೆಯದು. ಅಲ್ಲಿ ಐದೈದು ನಿಮಿಷಕ್ಕೊಮ್ಮೆ ನಾಡಿಗೆ ಚುಕ್ಕಿ, ರಕ್ತದೊತ್ತಡಕ್ಕೆ ಮೇಲೊಂದು ಕೆಳಗೊಂದು ಬಾಣದ ಗುರುತು. ಕೊಟ್ಟ ಔಷಧಿ, ಹರಿಸಿದ ಸಲೈನ್ ಎಲ್ಲ ಅಚ್ಚುಕಟ್ಟಾಗಿ ಇವೆ. ಶಾಖಕ್ಕೆ ಕಾಲಮ್ಮೇ ಇಲ್ಲ. ರೋಗಿ ವಾರ್ಡಿಗೆ ಮರಳಿದ ಮೇಲೆ ಟಿ.ಪಿ.ಆರ್. ಚಾರ್ಟು ಮತ್ತೆ ಶುರುವಾಗುತ್ತದೆ, 98ರಿಂದ.

ಅಂದರೆ ನನ್ನ ಪ್ರಶ್ನೆಯ ಒಂದು ತುದಿ, ಔಷಧಿ, ಮಿಲಿಗ್ರಾಂ ಸಮೇತ ದಾಖಲಾಗಿದೆ. ಇನ್ನೊಂದು ತುದಿಯಾದ ಶಾಖ, ಬೇಕಾದ ಹೊತ್ತಿನಲ್ಲಿ ಮಾಯ. ಇದು ಒಂದು ಆಸ್ಪತ್ರೆಯ ಅಥವಾ ಒಬ್ಬ ವೈದ್ಯರ ಅಸಡ್ಡೆಯಲ್ಲ; ಫಾರಂ ಅಚ್ಚಾದದ್ದೇ ಹಾಗೆ. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳ ವೈದ್ಯಕೀಯ ಅಧ್ಯಾಯಗಳನ್ನು ತಿರುವಿದರೆ ಇದರ ಬೇರು ಕಾಣುತ್ತದೆ. ಒಳರೋಗಿ, ಹೊರರೋಗಿಗಳ ಎಣಿಕೆ, ಆಪರೇಷನ್‌ಗಳ ಎಣಿಕೆ, ಮತ್ತೆ ಜ್ವರ, ಜ್ವರ, ಜ್ವರ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ನಾಲೆ ಹರಿದ ಕಡೆಯಲ್ಲೆಲ್ಲ ಮಲೇರಿಯಾ. ಆ ಕಾಲದ ಆಸ್ಪತ್ರೆಗೆ ಶಾಖ ಅಂದರೆ ಏರುವ ವಸ್ತು. ಇಳಿದ ಶಾಖವನ್ನು ಹುಡುಕಲು ಯಾರೂ ಹೊರಟಿರಲಿಲ್ಲ.

ಥರ್ಮಾಮೀಟರ್ ಏನನ್ನು ನೋಡಲಾರದು

ಕಾಗದ ಹಾಗಿರಲಿ, ಅಳತೆಗೋಲನ್ನಾದರೂ ನೋಡೋಣ ಎಂದು ಹಳೆಯ ಪಾದರಸದ ಥರ್ಮಾಮೀಟರನ್ನು ಕೈಗೆತ್ತಿಕೊಂಡೆ. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್‌ಬಟ್ ಜೇಬಿಗೆ ಹಿಡಿಸುವಷ್ಟು ಗಿಡ್ಡ ಮಾಡಿದ ಉಪಕರಣದ ವಂಶಸ್ಥ ಅದು. ಗಾಜಿನ ಕೊಳವೆಯ ಮೇಲಿನ ಗೆರೆಗಳು ಶುರುವಾಗುವುದು 94 ಇಲ್ಲವೇ 95 ಡಿಗ್ರಿ ಫ್ಯಾರನ್‌ಹೀಟ್‌ನಿಂದ, ಅಂದರೆ ಸುಮಾರು 35 ಸೆಲ್ಸಿಯಸ್‌ನಿಂದ. ಮುಗಿಯುವುದು 108ರ ಹತ್ತಿರ. ಸಹಜ ಶಾಖ 98.6 ಎಂದರೆ ಮೇಲಕ್ಕೆ ಒಂಬತ್ತು ಡಿಗ್ರಿ ಜಾಗ, ಕೆಳಕ್ಕೆ ಐದೂ ಪೂರ್ತಿ ಇಲ್ಲ.

ಇನ್ನೂ ಒಂದು ವಿಷಯ. ಪಾದರಸದ ಬುರುಡೆಯ ಕತ್ತಿನಲ್ಲಿ ಒಂದು ಸಣ್ಣ ಬಿಗಿತವಿದೆ. ಏರಿದ ಪಾದರಸ ತಾನಾಗಿ ಇಳಿಯದಂತೆ ತಡೆಯಲೆಂದೇ ಅದನ್ನು ಮಾಡಿರುವುದು; ಅದಕ್ಕೇ ಸಿಸ್ಟರು ಪ್ರತಿ ಸಲ ಜಾಡಿಸುವುದು. ಸರಿಯಾಗಿ ಜಾಡಿಸದಿದ್ದರೆ ತಣ್ಣಗಾದ ರೋಗಿಯ ಕಂಕುಳಲ್ಲೂ ಅದು ಹಿಂದಿನವನ ಶಾಖವನ್ನೇ ತೋರಿಸುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಮೂರು ನಾಲ್ಕು ಗಂಟೆ ಇದ್ದ ರೋಗಿಯ ಒಳಶಾಖ 34.5 ಸೆಲ್ಸಿಯಸ್‌ವರೆಗೆ ಇಳಿಯಬಲ್ಲದು. ಆ ಅಂಕಿ ಈ ಗಾಜಿನ ಮೇಲೆ ಬಹುತೇಕ ಇಲ್ಲವೇ ಇಲ್ಲ. ಈಗಿನ ಡಿಜಿಟಲ್ ಥರ್ಮಾಮೀಟರುಗಳು ಸಾಮಾನ್ಯವಾಗಿ 32 ಸೆಲ್ಸಿಯಸ್‌ವರೆಗೂ ಓದುತ್ತವೆ. ಆದರೆ ಹಳೆಯ ಚಾರ್ಟುಗಳಲ್ಲಿರುವ 98 ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕು.

ಕಾಗದವೂ ಗಾಜೂ ಕೈಕೊಟ್ಟ ಮೇಲೆ ಉಳಿದದ್ದು ನೆನಪು. ಈ ಭಾಗದ ಥಿಯೇಟರೊಂದರಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತರಾದ ಆಯಾ ಒಬ್ಬರನ್ನು ಮಾತಿಗೆ ಕೂರಿಸಿಕೊಂಡೆ.

“ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಒಳಗೆ ಕರ್ಕೊಂಡು ಹೋಗ್ತಿದ್ರಿ, ಅಮ್ಮ?”

“ಅದ್ಯಾವ ಲೆಕ್ಕ ಸಾ? ಒಳಗಿರೋ ಕೇಸ್ ಮುಗೀಬೇಕು. ಅಲ್ಲೀಗಂಟ ಬಾಗ್ಲಲ್ಲೇ ಟ್ರಾಲಿ ಮ್ಯಾಲೆ. ಮೈಮೇಲೆ ಒಂದ್ ಹಸ್ರು ಗೌನು, ತೆಳ್ಳಗ್ ಒಂದ್ ದುಪಟಿ. ಮಂಪರ್ನಲ್ಲಿ ಇರೋರು, ಏನೂ ಅಂತಿರ್ನಿಲ್ಲ. ಕೈ ಮುಟ್ಟುದ್ರೆ ಬೆಚ್ಗೇ ಇರದು. ಒಳಗೋಗಿ ಬಂದ್ರು ಅನ್ನಿ, ಮಂಚ ಗಡಗಡ ಅಲ್ಲಾಡದು. ಎಲ್ಡೆಲ್ಡ್ ಕೆಂಪ್ ರಗ್ಗು ಹೊದ್ಸಿ ಕಾಲ್ ಉಜ್ಕಂಡ್ ಕೂತ್ಕತಿದ್ದೊ.”

ಹೋಗುವಾಗ ಕೈ ಬೆಚ್ಚಗೆ, ಬರುವಾಗ ನಡುಕ. ಯಾವ ರಿಜಿಸ್ಟರಿನಲ್ಲೂ ಸಿಗದ ಸುಳಿವು ಈ ಒಂದು ಮಾತಿನಲ್ಲಿತ್ತು. ಜರ್ನಲ್‌ಗಳನ್ನು ತೆರೆದದ್ದು ಇದರ ಅರ್ಥ ಹುಡುಕಲು.

ಎರಡು ಪ್ರಬಂಧಗಳ ಜಗಳ

ಪ್ರೀಮೆಡ್‌ಗೆ ಇವತ್ತು ಹೆಚ್ಚು ಬಳಸುವ ಮಿಡಜೋಲಾಂ ಬಗ್ಗೆ ಎರಡು ಪ್ರಬಂಧಗಳು ಮೊದಲ ನೋಟಕ್ಕೆ ಒಂದಕ್ಕೊಂದು ಎದುರು ನಿಲ್ಲುತ್ತವೆ. 1995ರಲ್ಲಿ ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ತಂಡ ಹೇಳಿದ್ದು: ಮಿಡಜೋಲಾಂ ಮೈಯ ಶಾಖ ನಿಯಂತ್ರಣವನ್ನು ಕೆಡಿಸುವುದು ತೀರಾ ಕಡಿಮೆ. ಎರಡು ವರ್ಷಗಳ ನಂತರ, 1997ರಲ್ಲಿ, ಜಪಾನಿನ ತಕಾಶಿ ಮತ್ಸುಕಾವ ಮತ್ತು ಸಂಗಡಿಗರು ಆರೋಗ್ಯವಂತ ಗಂಡಸರಿಗೆ ಮಾಂಸಖಂಡದ ಮೂಲಕ ಮಿಡಜೋಲಾಂ ಕೊಟ್ಟು ನೋಡಿದರು. ಆಪರೇಷನ್ ಇಲ್ಲ, ಬೇರೆ ಅರಿವಳಿಕೆ ಇಲ್ಲ. ಆದರೂ ಒಳಶಾಖ ಇಳಿಯಿತು. ಔಷಧಿಯ ಪ್ರಮಾಣ ಹೆಚ್ಚಾದಂತೆ ಇಳಿತವೂ ಹೆಚ್ಚಾಯಿತು.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ. ಅವರು ಅಳೆದದ್ದು ಬೇರೆ ಬೇರೆ. ಮೊದಲನೆಯವರು ನೋಡಿದ್ದು ಮಿದುಳಿನ ಹೊಸ್ತಿಲನ್ನು: ಶಾಖ ಎಷ್ಟು ಇಳಿದರೆ ಚರ್ಮದ ರಕ್ತನಾಳ ಮುಚ್ಚಿಕೊಳ್ಳುತ್ತವೆ, ಎಷ್ಟು ಇಳಿದರೆ ನಡುಕ ಹುಟ್ಟುತ್ತದೆ ಎಂಬುದನ್ನು. ಮಿಡಜೋಲಾಂ ಆ ಹೊಸ್ತಿಲನ್ನು ಅಷ್ಟೇನೂ ಕದಲಿಸುವುದಿಲ್ಲ. ಎರಡನೆಯವರು ನೋಡಿದ್ದು ಶಾಖ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು. ಹೆದರಿ ಕೂತ ರೋಗಿಯ ಕೈಕಾಲಿನ ನಾಳಗಳು ಬಿಗಿದಿರುತ್ತವೆ. ಇಂಜೆಕ್ಷನ್ ಹೆದರಿಕೆ ಇಳಿಸಿದಾಗ ಆ ಬಿಗಿತವೂ ಸಡಿಲುತ್ತದೆ. ಎದೆ, ಹೊಟ್ಟೆ, ತಲೆಯಲ್ಲಿ ಕೂಡಿಟ್ಟ ಬಿಸಿ ರಕ್ತ ಕೈಕಾಲಿಗೆ ಹರಿಯುತ್ತದೆ.

ಈ ಎರಡೂ ತಾಲ್ಲೂಕಿನ ರೈತರಿಗೆ ಇದನ್ನು ವಿವರಿಸುವುದು ಸುಲಭ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ನಾಲೆಗೆ ನೀರು ಬಿಟ್ಟ ದಿನ ಅಣೆಕಟ್ಟಿನ ಮಟ್ಟ ಇಳಿಯುತ್ತದೆ. ನೀರು ಎಲ್ಲೂ ಹಾಳಾಗಿಲ್ಲ. ಬಯಲಿಗೆ ಬಂದಿದೆ, ಅಷ್ಟೇ. ಹಾಳಾಗುವುದು ಆಮೇಲೆ, ಬಯಲಿನ ಬಿಸಿಲಿಗೆ. ಮೈಯಲ್ಲೂ ಹಾಗೇ: ಕೈಕಾಲಿಗೂ ಒಳಗಿನ ಅಂಗಗಳಿಗೂ ಮಾಮೂಲಿಯಾಗಿ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿರುತ್ತದೆ. ನಾಳ ತೆರೆದರೆ ಆ ವ್ಯತ್ಯಾಸ ಕರಗುತ್ತದೆ. ಕೈ ಬೆಚ್ಚಗಾಗುತ್ತದೆ, ಒಳಗು ತಣ್ಣಗಾಗುತ್ತದೆ. ಆಯಾ ಮುಟ್ಟಿ ನೋಡಿದ ಬೆಚ್ಚನೆಯ ಕೈ, ಒಳಶಾಖ ಹೊರಕ್ಕೆ ಹರಿಯತೊಡಗಿದ್ದರ ಸಾಕ್ಷಿಯಾಗಿತ್ತು. ಸಂಶೋಧಕರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ: ಮುಂಗೈಯ ಚರ್ಮದ ಶಾಖದಿಂದ ಬೆರಳ ತುದಿಯ ಶಾಖವನ್ನು ಕಳೆಯುತ್ತಾರೆ. ನಾಲ್ಕು ಡಿಗ್ರಿ ಅಂತರವಿದ್ದರೆ ನಾಳ ಬಿಗಿದಿವೆ. ಅಂತರವೇ ಇಲ್ಲದಿದ್ದರೆ ತೆರೆದಿವೆ.

ಪೂರ್ಣ ಅರಿವಳಿಕೆ ಶುರುವಾದ ಕೂಡಲೇ ಈ ಹರಿವು ಜೋರಾಗುತ್ತದೆ. ಎಚ್ಚರದಲ್ಲಿ ಮಿದುಳು 0.2 ಡಿಗ್ರಿ ಆಚೀಚೆ ಆದರೂ ಸುಮ್ಮನಿರುವುದಿಲ್ಲ. ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿವರೆಗೆ ಅದಕ್ಕೆ ಗೊಡವೆಯೇ ಇಲ್ಲ. ಮತ್ಸುಕಾವ, ಸೆಸ್ಲರ್ ಮೊದಲಾದವರು 1995ರಲ್ಲಿ ಲೆಕ್ಕ ಹಾಕಿದಂತೆ ಮೊದಲ ಗಂಟೆಯಲ್ಲಿ ಒಳಶಾಖ 1.6 ಡಿಗ್ರಿ ಇಳಿಯಿತು. ಅದರಲ್ಲಿ 81 ಶೇಕಡಾ ಶಾಖ ಮೈಯೊಳಗೇ ಒಳಗಿನಿಂದ ಹೊರಗಿನ ಭಾಗಗಳಿಗೆ ಹಂಚಿಹೋದ ಪಾಲು. ಎ.ಸಿ. ಗಾಳಿ, ತಣ್ಣನೆ ಸಲೈನ್, ತೆರೆದ ಹೊಟ್ಟೆಯ ಪಾಲು ಆಮೇಲಿನದು.

ಹಾಗಾದರೆ ಪ್ರೀಮೆಡ್ ಮಾಡುವುದು, ಥಿಯೇಟರಿನಲ್ಲಿ ಆಗಬೇಕಾದ ಈ ಹಂಚಿಕೆಯನ್ನು ಅರ್ಧ ಗಂಟೆ ಮುಂಚೆ, ಕಾರಿಡಾರಿನಲ್ಲೇ ಶುರುಮಾಡುವುದು.

ತಣ್ಣಗಾಗಿಸಲೆಂದೇ ಕೂಡಿಸಿದ ಔಷಧಿ

ಮಿಡಜೋಲಾಂ ಈಚಿನದು. ನಮ್ಮ ಕೇಸ್ ಶೀಟಿನ ಪ್ರೊಮೆಥಜಿನ್ ಎಲ್ಲಿಂದ ಬಂತು? ಈ ಎಳೆ ಹಿಡಿದು ಹೋದರೆ ಫ್ರಾನ್ಸಿನ ನೌಕಾಪಡೆಯ ಸರ್ಜನ್ ಆನ್ರಿ ಲಬೊರಿ ಎದುರಾಗುತ್ತಾರೆ. 1914ರಲ್ಲಿ ಹನೋಯ್‌ನಲ್ಲಿ ಹುಟ್ಟಿದ ಈತ, ಆಪರೇಷನ್ ಆಘಾತಕ್ಕೆ ದೇಹ ತೋರುವ ಪ್ರತಿರೋಧವೇ ರೋಗಿಯನ್ನು ಕೊಲ್ಲುತ್ತದೆ ಎಂದು ನಂಬಿದ್ದವರು. ಪ್ರೊಮೆಥಜಿನ್ ಕೊಟ್ಟರೆ ರೋಗಿ ಶಾಂತನಾಗುತ್ತಾನೆ, ನಿರ್ಲಿಪ್ತನಾಗುತ್ತಾನೆ ಎಂದು ಕಂಡುಕೊಂಡರು. ಅದೇ ವರ್ಗದ ಕ್ಲೋರ್‌ಪ್ರೋಮಜಿನ್ 1950ರ ಡಿಸೆಂಬರಿನಲ್ಲಿ ರೋನ್-ಪೂಲೆಂಕ್ ಕಂಪನಿಯ ಪ್ರಯೋಗಾಲಯದಲ್ಲಿ ತಯಾರಾದ ಮೇಲೆ, ಅದನ್ನೂ ಪ್ರೊಮೆಥಜಿನ್, ಪೆಥಿಡಿನ್‌ಗಳನ್ನೂ ಕೂಡಿಸಿ ‘ಲಿಟಿಕ್ ಕಾಕ್‌ಟೇಲ್’ ಎಂಬ ಮಿಶ್ರಣ ಬಳಕೆಗೆ ಬಂತು. ಉದ್ದೇಶ ‘ಕೃತಕ ಶಿಶಿರನಿದ್ರೆ’: ನಡುಗದಂತೆ, ನಾಳ ಬಿಗಿಯದಂತೆ ಮೈಯನ್ನು ಕಟ್ಟಿಹಾಕಿ, ಮಂಜುಗಡ್ಡೆಯಿಂದ ಶಾಖ ಇಳಿಸುವುದು. ಇಂಡೋಚೈನಾ ಯುದ್ಧದ ಗಾಯಾಳುಗಳ ಮೇಲೂ ಫ್ರೆಂಚರು ಇದನ್ನು ಬಳಸಿದರು. 1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರು ಕ್ಲೋರ್‌ಪ್ರೋಮಜಿನ್ನನ್ನು ತಮ್ಮ ರೋಗಿಗಳಿಗೆ ಕೊಟ್ಟ ಮೇಲೆ ಅದರ ಹೆಸರು ಬೇರೆ ದಾರಿಯಲ್ಲಿ ಬೆಳೆಯಿತು. ಥಿಯೇಟರಿನ ಕಥೆ ಮರೆತುಹೋಯಿತು.

ನನಗೆ ಇದು ಈ ಹುಡುಕಾಟದ ದೊಡ್ಡ ತಿರುವು. ಮನುಷ್ಯನನ್ನು ತಣ್ಣಗಾಗಿಸಲು ಬೇಕೆಂದೇ ಕೂಡಿಸಿದ ಮೂರರಲ್ಲಿ ಎರಡು, ಪ್ರೊಮೆಥಜಿನ್ ಮತ್ತು ಪೆಥಿಡಿನ್, ನಮ್ಮ ಸಣ್ಣ ಊರುಗಳ ಪ್ರೀಮೆಡ್ ಆಗಿ ದಶಕಗಟ್ಟಲೆ ಉಳಿದವು. ಉದ್ದೇಶ ಬದಲಾಯಿತು. ಔಷಧಿಯ ಗುಣ ಬದಲಾಗಲಿಲ್ಲ. ಪ್ರಮಾಣ ಕಡಿಮೆಯಾದ್ದರಿಂದ ಪರಿಣಾಮವೂ ಕಡಿಮೆ, ನಿಜ. ಆದರೆ ಪೆಥಿಡಿನ್ ನಾಳ ಬಿಗಿಯುವ ಹೊಸ್ತಿಲಿಗಿಂತ ನಡುಕದ ಹೊಸ್ತಿಲನ್ನು ಸುಮಾರು ಎರಡು ಪಟ್ಟು ಕೆಳಕ್ಕೆ ತಳ್ಳುತ್ತದೆ. ಪ್ರೀಮೆಡ್ ಆಗಿ ಕೊಡುವ ಕ್ಲೋನಿಡಿನ್ ಕೂಡ ನಡುಕವನ್ನು ಅಡಗಿಸುತ್ತದೆ. ಇಂಥ ಔಷಧಿ ಕೊಟ್ಟ ರೋಗಿ ನಡುಗದೆ ಮಲಗಿದ್ದರೆ ಬೆಚ್ಚಗಿದ್ದಾನೆ ಎಂದು ತಿಳಿಯುವ ಹಾಗಿಲ್ಲ. ತಣ್ಣಗಾಗಿದ್ದರೂ ಹೇಳಿಕೊಳ್ಳುವ ದಾರಿ ಅವನಿಗೆ ಮುಚ್ಚಿದೆ.

ಅದೇ ಇಂಜೆಕ್ಷನ್, ಬೇರೆ ಕೋಣೆ

ನಮ್ಮ ಕೇಸ್ ಶೀಟಿನ ಮೂರನೆಯ ಇಂಜೆಕ್ಷನ್ ಅಟ್ರೋಪಿನ್. ಅದು ಎಳೆಯುವುದು ಎದುರು ದಿಕ್ಕಿಗೆ. ಅಟ್ರೋಪಿನ್ ವರ್ಗದ ಸಾರ ಹೊಲದ ಬದುವಿನ ಮದಗುಣಿಕೆಯಲ್ಲೂ ಇದೆ. ಅದರ ಕಾಯಿ ತಿಂದ ಮಗುವಿನ ಮುಖ ಕೆಂಪೇರಿ, ಬಾಯಿ ಒಣಗಿ, ಬೆವರಿಲ್ಲದೆ ಮೈ ಕಾದು ಹೋಗುವುದನ್ನು ಹಳ್ಳಿಯ ವೈದ್ಯರು ಬಲ್ಲರು. ಬೆವರು ನಿಂತರೆ ಶಾಖ ಹೊರಹೋಗುವ ದೊಡ್ಡ ದಾರಿ ನಿಂತಂತೆ. 2001ರಲ್ಲಿ ಮತ್ಸುಕಾವ ತಂಡವೇ ಇದನ್ನು ವಯಸ್ಸಾದ ರೋಗಿಗಳಲ್ಲಿ ಪರೀಕ್ಷಿಸಿತು: ಮಿಡಜೋಲಾಂ ಜೊತೆ ಅಟ್ರೋಪಿನ್ ಕೊಟ್ಟಾಗ ಒಳಶಾಖದ ಇಳಿತ ತಪ್ಪಿತು.

ಇದೇ ಗುಣ ಇನ್ನೊಂದು ಕಾಲದಲ್ಲಿ ಅಪಾಯವಾಗಿತ್ತು. ಈಥರ್ ಯುಗದಲ್ಲಿ ಅಟ್ರೋಪಿನ್ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಈಥರ್ ಹಬೆಗೆ ಗಂಟಲಲ್ಲಿ ಕಫ, ಜೊಲ್ಲು ಉಕ್ಕುತ್ತಿತ್ತು. 1920ರ ದಶಕದಿಂದ ಬ್ರಿಟಿಷ್ ವೈದ್ಯ ಪತ್ರಿಕೆಗಳಲ್ಲಿ ‘ಈಥರ್ ಸೆಳವು’ ಎಂಬ ವರದಿಗಳು ಬರತೊಡಗಿದವು. ಜ್ವರ ಬಂದ ಮಗು, ಕೀವು ತುಂಬಿದ ಹೊಟ್ಟೆ, ಕಾದ ಥಿಯೇಟರು, ಆಳದ ಈಥರ್, ಮೇಲೆ ಅಟ್ರೋಪಿನ್: ಇಷ್ಟೂ ಕೂಡಿದ ಕಡೆ ಮೈ ಕಾದು ಸೆಳವು ಬರುತ್ತಿತ್ತು. ಭಾರತದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಈಥರ್ ಶತಮಾನದ ಕೊನೆಯವರೆಗೂ ಉಳಿದಿತ್ತು. ಫ್ಯಾನ್ ಬಿಟ್ಟರೆ ಬೇರೆ ಗತಿಯಿಲ್ಲದ ಥಿಯೇಟರು, ನರಸೀಪುರದ ಏಪ್ರಿಲ್ ತಿಂಗಳು, ದಪ್ಪ ಬಟ್ಟೆಯ ಹೊದಿಕೆ: ಅಲ್ಲಿ ಹೆದರಬೇಕಾದದ್ದು ಏರುವ ಶಾಖಕ್ಕೆ.

ಈಗ ಅದೇ ಥಿಯೇಟರಿಗೆ ಎ.ಸಿ. ಬಂದಿದೆ; ಗೌನು, ಮಾಸ್ಕು ತೊಟ್ಟ ಸರ್ಜನ್‌ಗೆ ಹಿತವಾಗುವಷ್ಟು ತಂಪು ಇಡುತ್ತಾರೆ. ಅದೇ ಔಷಧಿ, ಅದೇ ಪ್ರಮಾಣ, ಅದೇ ಊರು. ಆದರೆ ಶಾಖ ಹೋಗುವ ದಿಕ್ಕು ಬೇರೆ. ಕ್ಲೋರ್‌ಪ್ರೋಮಜಿನ್ ಬಗ್ಗೆ ಪ್ರಾಣಿಗಳ ಮೇಲಿನ ಪ್ರಯೋಗಗಳು ಇದನ್ನು ಬಹಳ ಹಿಂದೆಯೇ ತೋರಿಸಿದ್ದವು: ತಂಪು ಕೋಣೆಯಲ್ಲಿ ಕೊಟ್ಟರೆ ಶಾಖ ಇಳಿಯುತ್ತದೆ, ಬಿಸಿ ಕೋಣೆಯಲ್ಲಿ ಕೊಟ್ಟರೆ ಏರುತ್ತದೆ. ಔಷಧಿ ಕಾವಲುಗಾರನನ್ನು ಮಲಗಿಸುತ್ತದೆ, ಅಷ್ಟೇ. ಮುಂದಿನದು ಕೋಣೆಯ ಕೈಯಲ್ಲಿ. ಕೋಣೆಯ ಶಾಖ ಬರೆಯದ ಚಾರ್ಟಿನಿಂದ ಪ್ರೀಮೆಡ್ ಪರಿಣಾಮ ಹೇಳಲಾಗದು ಎಂಬುದು ಇಲ್ಲಿ ನನಗೆ ಖಚಿತವಾಯಿತು.

ಮೈಸೂರಿನ ಕಪಾಟುಗಳು

ತಾಲ್ಲೂಕಿನ ಕಾಗದದಲ್ಲಿ ಇಲ್ಲದ್ದು ಮೆಡಿಕಲ್ ಕಾಲೇಜಿನಲ್ಲಿ ಇರಬಹುದಲ್ಲ? 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು, 1984ರ ಜೆ.ಎಸ್.ಎಸ್. ಮೆಡಿಕಲ್ ಕಾಲೇಜು ಎರಡರಲ್ಲೂ ಅರಿವಳಿಕೆ ಶಾಸ್ತ್ರದ ಎಂ.ಡಿ. ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ರಾಜ್ಯದ ಕಾಲೇಜುಗಳ ಇಂಥ ಪ್ರಬಂಧಗಳು ಸಿಗುತ್ತವೆ. ಆದರೆ 2008ರಲ್ಲಿ ಜೆ.ಎಸ್.ಎಸ್. ಸ್ವತಃ ಪರಿಗಣಿತ ವಿಶ್ವವಿದ್ಯಾಲಯವಾದ್ದರಿಂದ ಆಮೇಲಿನವನ್ನು ಬೇರೆ ಕಡೆ ಹುಡುಕಬೇಕು.

ಪ್ರೀಮೆಡ್ ಕುರಿತ ಪ್ರಬಂಧಗಳಿಗೆ ಬರವಿಲ್ಲ. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್, ಮಿಡಜೋಲಾಂ ಹೋಲಿಕೆಗಳು ಪದೇಪದೇ ಬರುತ್ತವೆ. ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗಂಟಲಿಗೆ ಕೊಳವೆ ಇಳಿಸುವಾಗ ಏರುವ ನಾಡಿ, ರಕ್ತದೊತ್ತಡವನ್ನು ಇದು ತಡೆಯುತ್ತದೆಯೇ? ಇನ್ನೊಂದು ರಾಶಿ ನಡುಕದ ಕುರಿತದ್ದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ಗಳಲ್ಲಿ ನಡುಕ ನಿಲ್ಲಿಸಲು ಟ್ರಮಡಾಲ್ ಮೇಲೋ, ಪೆಥಿಡಿನ್ ಮೇಲೋ, ಕ್ಲೋನಿಡಿನ್ ಮೇಲೋ? ಇದು ನಮ್ಮ ನೆಲದ ನಿಜವಾದ ಸಮಸ್ಯೆಯೇ. ತಾಲ್ಲೂಕು ಆಸ್ಪತ್ರೆಯ ಥಿಯೇಟರಿನಲ್ಲಿ ಹೆಚ್ಚಾಗಿ ನಡೆಯುವುದು ಸಿಸೇರಿಯನ್, ಅದೂ ಬೆನ್ನಿನ ಇಂಜೆಕ್ಷನ್‌ನಲ್ಲಿ. ಅರಿವಳಿಕೆ ತಜ್ಞರ ಕೊರತೆ ನೀಗಲು ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಟ್ಟು ಕಳಿಸಿದ್ದೂ ಇಂಥ ಹೆರಿಗೆಗಳಿಗಾಗಿಯೇ. ಬೆನ್ನಿನ ಇಂಜೆಕ್ಷನ್ ಸೊಂಟದ ಕೆಳಗಿನ ನಾಳಗಳನ್ನೆಲ್ಲ ತೆರೆಯುತ್ತದೆ. ಶಾಖ ಹರಿಯುವ ದಾರಿ ಅಲ್ಲೂ ಇದೇ.

ಎರಡೂ ರಾಶಿಗಳ ನಡುವೆ ಒಂದು ಸೇತುವೆ ಬೇಕಾಗಿದೆ. ಪ್ರೀಮೆಡ್ ಅಳೆದವರು ರಕ್ತದೊತ್ತಡ ನೋಡಿದರು. ನಡುಕ ಅಳೆದವರು ಅದನ್ನು ನಿಲ್ಲಿಸುವ ಔಷಧಿ ನೋಡಿದರು. ನಡುಕಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಮೈಯ ಶಾಖ ಎಲ್ಲಿಗೆ ಹೋಯಿತು ಎಂಬುದು ಈ ಎರಡರ ನಡುವೆ ಬಿದ್ದಿದೆ.

ಆ ಅರ್ಧ ಗಂಟೆಯ ಬೆಲೆ

ಒಂದೆರಡು ಡಿಗ್ರಿಗೆ ಇಷ್ಟೊಂದು ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿಗೆ 1996ರ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಕುರ್ಜ್, ಸೆಸ್ಲರ್, ಲೆನ್‌ಹಾರ್ಟ್ ಕರುಳಿನ ಆಪರೇಷನ್‌ಗೆ ಬಂದ 200 ರೋಗಿಗಳನ್ನು ಎರಡು ಗುಂಪು ಮಾಡಿದರು. ಬೆಚ್ಚಗಿಟ್ಟವರ ಒಳಶಾಖ 36.6, ಮಾಮೂಲಿ ಆರೈಕೆಯವರದು 34.7 ಸೆಲ್ಸಿಯಸ್. ಗಾಯ ಕೀವಾದದ್ದು ಬೆಚ್ಚಗಿದ್ದವರಲ್ಲಿ 6 ಶೇಕಡಾ, ತಣ್ಣಗಿದ್ದವರಲ್ಲಿ 19 ಶೇಕಡಾ. ತಣ್ಣಗಾದ ಗಾಯಕ್ಕೆ ರಕ್ತ, ಆಮ್ಲಜನಕ ಎರಡೂ ಸಾಲದು; ಸೋಂಕಿನ ವಿರುದ್ಧ ಕಾದಾಡುವ ಜೀವಕೋಶಗಳೂ ಮಂದವಾಗುತ್ತವೆ. ರಕ್ತ ಹೆಪ್ಪುಗಟ್ಟುವುದೂ ನಿಧಾನ.

ತಾಲ್ಲೂಕು ಆಸ್ಪತ್ರೆಗೆ ಇನ್ನೂ ಹತ್ತಿರವಾದದ್ದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮೆಲ್ಲಿಂಗ್ ಮತ್ತು ಸಂಗಡಿಗರ ಅಧ್ಯಯನ. ಇಂಗ್ಲೆಂಡಿನ 421 ರೋಗಿಗಳು; ಹರ್ನಿಯಾ, ಉಬ್ಬಿದ ರಕ್ತನಾಳ, ಸ್ತನದ ಸಣ್ಣ ಆಪರೇಷನ್‌ಗಳು. ಅವರು ಮಾಡಿದ್ದು ಇಷ್ಟೇ: ಥಿಯೇಟರಿಗೆ ಹೋಗುವ ಮುಂಚೆ ಅರ್ಧ ಗಂಟೆ ಮೈ ಬೆಚ್ಚಗಿಟ್ಟರು. ಗಾಯದ ಸೋಂಕು 14 ಶೇಕಡಾದಿಂದ 5 ಶೇಕಡಾಕ್ಕೆ ಇಳಿಯಿತು. ನಾವು ಕಾರಿಡಾರಿನ ಟ್ರಾಲಿಯ ಮೇಲೆ ಕಳೆಯುವ ಹೊತ್ತೇ ಅದು.

ಪ್ರೀಮೆಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೂ ಇಲ್ಲಿ ಬೇರೆ ಬಣ್ಣ ಪಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಫ್ರಾನ್ಸಿನ ವೈದ್ಯರು ರಕ್ತನಾಳ ಹಿಗ್ಗಿಸುವ ನಿಫೆಡಿಪಿನ್ ಮಾತ್ರೆಯನ್ನು ಆಪರೇಷನ್‌ಗೆ ಹನ್ನೆರಡು ಗಂಟೆ ಮೊದಲೇ ಶುರುಮಾಡಿ ನೋಡಿದರು. ಅರಿವಳಿಕೆಯ ಹೊತ್ತಿಗೆ ಒಳಶಾಖದ ಇಳಿತ ಕಡಿಮೆಯಾಯಿತು. ನಾಳ ಮೊದಲೇ ತೆರೆದು, ಕೈಕಾಲು ಮೊದಲೇ ಶಾಖ ತುಂಬಿಕೊಂಡಿದ್ದವು. ಒಳಗಿನ ಶಾಖವನ್ನು ಸರಿದೂಗಿಸಲು ಮೈಗೆ ಸಮಯ ಸಿಕ್ಕಿತ್ತು. ಹಾಗಾಗಿ ನಾಳ ತೆರೆಯುವುದೇ ತಪ್ಪಲ್ಲ. ತೆರೆದ ಮೇಲೆ ರೋಗಿ ಎಲ್ಲಿದ್ದ, ಎಷ್ಟು ಹೊತ್ತಿದ್ದ, ಮೈಮೇಲೆ ಏನಿತ್ತು ಎಂಬುದರ ಮೇಲೆ ಫಲ ನಿಂತಿದೆ. ಕಂಬಳಿ ಹೊದ್ದು ಮಲಗಿದವನಿಗೆ ಅದೇ ಇಂಜೆಕ್ಷನ್ ಶಾಖದ ಖಾತೆಗೆ ಜಮೆ. ಬರಿ ಹೊಟ್ಟೆಯಲ್ಲಿ, ತೆಳು ಗೌನಿನಲ್ಲಿ, ಎ.ಸಿ. ಗಾಳಿ ಬಡಿಯುವ ಬಾಗಿಲಲ್ಲಿ ಕಾದವನಿಗೆ ಖರ್ಚು.

ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಇದನ್ನೇ ನಿಯಮ ಮಾಡಿತು: 36 ಸೆಲ್ಸಿಯಸ್‌ಗಿಂತ ಕಡಿಮೆ ಇರುವ ರೋಗಿಗೆ, ತುರ್ತಿಲ್ಲದಿದ್ದರೆ, ಅರಿವಳಿಕೆ ಶುರುಮಾಡಬಾರದು, ರೋಗಿಯ ಮೈ ತೆರೆದಿರುವಾಗ ಥಿಯೇಟರು 21 ಡಿಗ್ರಿಗಿಂತ ತಣ್ಣಗಿರಬಾರದು, ಅರ್ಧ ಲೀಟರ್ ಮತ್ತು ಅದಕ್ಕಿಂತ ಹೆಚ್ಚು ಸಲೈನ್ ಕೊಡುವುದಾದರೆ ಬೆಚ್ಚಗೆ ಮಾಡಿ ಕೊಡಬೇಕು. ಕೋಣೆಯ ಶಾಖದ ಒಂದು ಲೀಟರ್ ಸಲೈನ್ ವಯಸ್ಕರ ಮೈಶಾಖವನ್ನು ಸುಮಾರು ಕಾಲು ಡಿಗ್ರಿ ಇಳಿಸುತ್ತದೆ.

ಬಿಸಿಗಾಳಿ ಊದುವ ಯಂತ್ರ ಎಲ್ಲ ಕಡೆ ಇರಲಾರದು. ಆದರೆ ಅರಿವಳಿಕೆ ಹಾಳೆಯನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ನಾಲ್ಕು ಖಾನೆ ಸೇರಿಸಲು ಖರ್ಚಿಲ್ಲ: ಪ್ರೀಮೆಡ್ ಕೊಟ್ಟ ಗಂಟೆ, ವಾರ್ಡು ಬಿಡುವಾಗಿನ ಶಾಖ, ಅರಿವಳಿಕೆಗೆ ಮುಂಚಿನ ಶಾಖ, ಥಿಯೇಟರಿನ ಶಾಖ. ಎರಡು ಸಲ ಅಳೆಯುವಾಗಲೂ ಒಂದೇ ಥರ್ಮಾಮೀಟರು, ಮೈಯ ಒಂದೇ ಜಾಗ. ಕಂಕುಳಾದರೆ ಕಂಕುಳು, ಬಾಯಾದರೆ ಬಾಯಿ. ಒಂದು ವರ್ಷ ಇದನ್ನು ತಪ್ಪದೆ ತುಂಬಿದರೆ, ಮಾಘದ ಚಳಿಯಲ್ಲಿ ನಂಜನಗೂಡಿನ ರೋಗಿಗೆ ಕೊಟ್ಟ ಪ್ರೊಮೆಥಜಿನ್‌ಗೂ ಏಪ್ರಿಲ್‌ನಲ್ಲಿ ನರಸೀಪುರದ ರೋಗಿಗೆ ಕೊಟ್ಟದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಹೇಳಲು ಜಪಾನ್, ವಿಯೆನ್ನಾದ ಪ್ರಬಂಧ ತಿರುವಬೇಕಾಗಿಲ್ಲ. ಮೈಸೂರಿನ ಯಾವುದಾದರೂ ಎಂ.ಡಿ. ವಿದ್ಯಾರ್ಥಿ ಅದನ್ನು ಬರೆಯಬಹುದು. ಹೋಲಿಕೆಗೆ ಮತ್ತೊಂದು ನಡುಕದ ಔಷಧಿ ಹುಡುಕುವುದಕ್ಕಿಂತ ಅದು ಹೆಚ್ಚು ಉಪಯೋಗದ ಕೆಲಸ.